ಸರ್ವರ್ ಯಾವಾಗ ಬರ್ತಾನ?

ಕ್ಲೌಡ್ ಕಂಪ್ಯೂಟಿಂಗ್ ಲೋಕದಲ್ಲಿ ಒಂಬತ್ತು ಎಂಬ ಅಂಕಿಗೆ ವಿಶೇಷ ಮರ್ಯಾದೆ. ಒಂದು ಸೇವೆ ವರ್ಷದಲ್ಲಿ ಎಷ್ಟು ಹೊತ್ತು ಕೈಗೆ ಸಿಗುತ್ತದೆ ಎಂಬುದನ್ನು ಅಲ್ಲಿ ‘ಎಷ್ಟು ಒಂಬತ್ತು?’ ಎಂದು ಕೇಳುತ್ತಾರೆ. ಶೇ. 99.9 ಅಂದರೆ ಮೂರು ಒಂಬತ್ತು. ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ಸೇವೆ ನಿಂತರೂ ಕೊಟ್ಟ ಮಾತಿಗೆ ತಪ್ಪಿದಂತಲ್ಲ. ನಾಲ್ಕು ಒಂಬತ್ತಾದರೆ ಆ ಸಡಿಲ 53 ನಿಮಿಷಕ್ಕೆ ಇಳಿಯುತ್ತದೆ, ಐದಾದರೆ ಐದೂಕಾಲು ನಿಮಿಷಕ್ಕೆ. ಬೆಂಗಳೂರಿನಲ್ಲಿ ನಡೆದ ಡೆವಲಪರ್‌ಗಳ ಸಮ್ಮೇಳನವೊಂದಕ್ಕೆ ಯಾದಗಿರಿಯಿಂದ ರೈಲು ಹತ್ತಿ ಹೋಗಿದ್ದೆ. ಅಲ್ಲಿ ಹೆಚ್ಚಾಗಿ ಕೇಳಿದ್ದು ಈ ಒಂಬತ್ತುಗಳ ಕಥೆಯನ್ನೇ.

ನಮ್ಮ ಕಡೆ ಇದೇ ಸಂಗತಿಗೆ ‘ಸರ್ವರ್ ಡೌನ್’ ಎನ್ನುತ್ತಾರೆ. ಶಹಾಪುರ, ಸುರಪುರದ ಹಳ್ಳಿಗಳಲ್ಲಿ ಇಂಗ್ಲಿಷಿನ ಒಂದಕ್ಷರ ಬಾರದವರಿಗೂ ಈ ಎರಡು ಶಬ್ದ ಗೊತ್ತು. ರೇಷನ್ ಅಂಗಡಿಯಲ್ಲಿ ಅದೇ ಮಾತು, ಪಹಣಿ ಕೊಡುವ ಕಿಂಡಿಯಲ್ಲಿ ಅದೇ ಮಾತು. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗಲೂ ರಾಜ್ಯದ ತುಂಬ ಅದೇ. “ಯವ್ವಾ, ಇವತ್ತ ಸರ್ವರ್ ಇಲ್ಲ, ನಾಳಿಗಿ ಬಾ” ಎಂದ ಹುಡುಗನಿಗೆ “ಯಾವಾಗ ಬರ್ತಾನಪ್ಪಾ ಅಂವ?” ಎಂದು ಮುದುಕಿಯೊಬ್ಬಳು ಕೇಳಿದ್ದನ್ನು ನಾನು ಕಂಡಿದ್ದೇನೆ. ಸಾಲಿನಲ್ಲಿದ್ದವರು ನಕ್ಕರು. ಸರ್ವರ್ ಅಂದರೆ ಯಾರೋ ಸಾಹೇಬ, ಊರಿಗೆ ಹೋಗಿದ್ದಾನೆ ಎಂದು ಆಕೆಯ ಲೆಕ್ಕ. ನನಗೆ ಆ ಪ್ರಶ್ನೆ ಸರಿಯಾಗಿಯೇ ಇದೆ ಅನಿಸಿತು. ಉತ್ತರ ಕೊಡಬೇಕಾದ ಒಬ್ಬ ಮನುಷ್ಯನನ್ನು ಆಕೆ ಹುಡುಕುತ್ತಿದ್ದಳು.

‘ಸರ್ವರ್ ಡೌನ್’ ಎನ್ನುವ ಮಾತಿನೊಳಗೆ ಏನೇನೋ ಅಡಗಿರುತ್ತದೆ. ಸಿಗ್ನಲ್ ಇಲ್ಲದಿರಬಹುದು, ಕರೆಂಟು ಹೋಗಿರಬಹುದು, ಹತ್ತಿ ಬಿಡಿಸಿ ಸವೆದ ಬೆರಳಿನ ಗುರುತನ್ನು ಯಂತ್ರ ಒಪ್ಪದಿರಬಹುದು, ತಿಂಗಳ ಕೊನೆಗೆ ಎಲ್ಲರೂ ಒಮ್ಮೆಲೇ ಬಂದಿರಬಹುದು. ಕೆಲವೊಮ್ಮೆ ನಿಜವಾಗಿಯೂ ಸರ್ವರ್ ಕೆಟ್ಟಿರಬಹುದು. ಕಿಂಡಿಯಲ್ಲಿ ಕೂತ ಹುಡುಗನಿಗೂ ಯಾವುದೆಂದು ಗೊತ್ತಿರುವುದಿಲ್ಲ. ಬೈಸಿಕೊಳ್ಳುವವನು ಮಾತ್ರ ಅವನೇ.

ಸಮ್ಮೇಳನದಲ್ಲಿ ನನಗೆ ಹಿಡಿಸಿದ ಗೋಷ್ಠಿ ಇಂಥ ಕೆಡುವಿಕೆಯ ಬಗ್ಗೆಯೇ ಇತ್ತು. ಸೇವೆ ನಿಂತುಹೋದ ಮೇಲೆ ಎಂಜಿನಿಯರುಗಳು ‘ಬ್ಲೇಮ್‌ಲೆಸ್ ಪೋಸ್ಟ್‌ಮಾರ್ಟಂ’ ಎಂಬುದನ್ನು ಬರೆಯುತ್ತಾರೆ. ಯಾರು ಮಾಡಿದರು ಎಂದು ಬೆರಳು ತೋರದೆ, ಹೇಗಾಯಿತು ಎಂಬುದರ ನಿಮಿಷ ನಿಮಿಷದ ಲೆಕ್ಕ ಅದು. 2017ರ ಫೆಬ್ರವರಿ 28ರಂದು ಅಮೆಜಾನ್‌ನ ಎಸ್3 ಸಂಗ್ರಹ ಸೇವೆ ಅಮೆರಿಕದ ವರ್ಜೀನಿಯಾ ಕೇಂದ್ರದಲ್ಲಿ ಕೆಲವು ಗಂಟೆ ನಿಂತಿತ್ತು. ಬಿಲ್ಲಿಂಗ್ ವ್ಯವಸ್ಥೆ ನಿಧಾನವಾಗಿದೆಯೆಂದು ಸರಿಪಡಿಸಲು ಹೋದ ನೌಕರ ಕಮಾಂಡಿನಲ್ಲಿ ಏನನ್ನೋ ತಪ್ಪಾಗಿ ಕೊಟ್ಟಿದ್ದ, ಬೇಕಾದ್ದಕ್ಕಿಂತ ಹೆಚ್ಚು ಸರ್ವರ್‌ಗಳು ತೆಗೆದುಹೋದವು. ತಮಾಷೆಯೆಂದರೆ, ಸೇವೆ ಸರಿಯಿಲ್ಲ ಎಂದು ಜನಕ್ಕೆ ತೋರಿಸುವ ಫಲಕವೂ ಅದೇ ಎಸ್3ಯನ್ನು ನೆಚ್ಚಿಕೊಂಡಿತ್ತು. ಹಾಗಾಗಿ ಅದನ್ನು ಬದಲಿಸಲು ಕೆಲಹೊತ್ತು ಆಗಲೇ ಇಲ್ಲ. ಇದೆಲ್ಲವನ್ನೂ ಕಂಪನಿಯೇ ಬರೆದು ಪ್ರಕಟಿಸಿತು. ನೌಕರನ ಹೆಸರು ಹೇಳಲಿಲ್ಲ. ಇದು ಒಳ್ಳೆಯ ನೀತಿ ಎಂದೇ ನನ್ನ ಅಭಿಪ್ರಾಯ. ಶಿಕ್ಷೆಯ ಹೆದರಿಕೆ ಇದ್ದಲ್ಲಿ ನಿಜ ಹೊರಗೆ ಬರುವುದಿಲ್ಲ.

ಆದರೆ ದೂರು ಬೇಡ ಅನ್ನುವುದು ಬೇರೆ, ಉತ್ತರ ಬೇಡ ಅನ್ನುವುದು ಬೇರೆ. ಆ ವಿವರವಾದ ಉತ್ತರ ಹೋಗುವುದು ಬಿಲ್ ಕಟ್ಟುವ ಗಿರಾಕಿಗೆ. ಒಪ್ಪಂದದ ಒಂಬತ್ತು ತಪ್ಪಿದರೆ ಅವನ ಬಿಲ್ಲಿನಲ್ಲಿ ಒಂದಿಷ್ಟು ಕಡಿತವೂ ಸಿಗುತ್ತದೆ. ಕೂಲಿ ಬಿಟ್ಟು, ಬಸ್ಸು ಹತ್ತಿ, ಕೆಂಭಾವಿ ಕಡೆಯಿಂದ ಸುರಪುರಕ್ಕೆ ಬಂದ ಹೆಂಗಸು ಆ ಒಪ್ಪಂದದಲ್ಲಿ ಎಲ್ಲೂ ಇಲ್ಲ. ಒಂಬತ್ತುಗಳು ಅಳೆಯುವುದು ಯಂತ್ರದ ಹೊತ್ತನ್ನು. ಸರ್ವರ್ ನಿಂತದ್ದು ಇಪ್ಪತ್ತೇ ನಿಮಿಷ ಇರಬಹುದು. ಅಷ್ಟರಲ್ಲಿ ಊರಿನ ಬಸ್ಸು ಹೋದರೆ ಆಕೆಗೆ ಹೋಗುವುದು ಇಡೀ ದಿನ.

ಈ ಮಾತನ್ನು ಗೋಷ್ಠಿಯಲ್ಲಿ ಎತ್ತಿದೆ. ಭಾಷಣಕಾರರು ಸೌಜನ್ಯದಿಂದಲೇ ‘ಹಂಚಿಕೊಂಡ ಹೊಣೆ’ಯ ಚಿತ್ರ ತೋರಿಸಿದರು: ಕಟ್ಟಡ, ಯಂತ್ರ, ಜಾಲ ಕಂಪನಿಯದು, ಅದರ ಮೇಲೆ ಇಡುವ ದತ್ತಾಂಶ, ಅಪ್ಲಿಕೇಶನ್ ಗಿರಾಕಿಯದು. ನಡುವೆ ಒಂದು ಗೆರೆ. “ನೀವು ಹೇಳೋದು ಗೆರೆ ಮೇಲಿನ ವಿಷಯ, ಸರ್” ಎಂದರು. ಸುಳ್ಳಲ್ಲ. ಗೆರೆಯ ಮೇಲಿನವರನ್ನು ಕೇಳಿದರೆ ಕೆಳಗೆ ತೋರಿಸುತ್ತಾರೆ, ಅದೂ ಸುಳ್ಳಲ್ಲ. ಹೊಣೆ ಹಂಚಿಕೊಂಡಷ್ಟೂ ಪ್ರತಿಯೊಬ್ಬರ ಪಾಲು ತೆಳ್ಳಗಾಗುತ್ತದೆ. ಸಾಲಿನಲ್ಲಿ ನಿಂತವರ ಕಷ್ಟ ಮಾತ್ರ ಅಷ್ಟೇ ಇರುತ್ತದೆ.

ಹಿಂದಿನ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. ನಿಜಾಮರ ಆಳ್ವಿಕೆಯ ಈ ಸೀಮೆಯಲ್ಲಿ ಹೊಲದ ಲೆಕ್ಕ ಪಟವಾರಿಯ ಮನೆಯಲ್ಲಿತ್ತು, ಆಮೇಲೆ ಗ್ರಾಮ ಲೆಕ್ಕಿಗನ ಚೀಲದಲ್ಲಿ. ಕೇಳಲು ಮನುಷ್ಯನೇನೋ ಇದ್ದ. ಅವನ ಕೈ ಬಿಸಿ ಮಾಡದೆ ಕಾಗದ ಬರುತ್ತಿರಲಿಲ್ಲ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, 15 ರೂಪಾಯಿಗೆ ಒಂದು ಪ್ರತಿ ಕೊಟ್ಟಾಗ ರೈತ ನಿಟ್ಟುಸಿರು ಬಿಟ್ಟದ್ದು ನಿಜ. ಯಂತ್ರ ಲಂಚ ಕೇಳುವುದಿಲ್ಲ. ಕಾರಣವನ್ನೂ ಹೇಳುವುದಿಲ್ಲ.

ಕಾರಣ ಹೇಳಿಸಲು ನಮ್ಮಲ್ಲಿ ಕಾನೂನೂ ಇದೆ. 2011ರ ‘ಸಕಾಲ’ ಕಾಯ್ದೆಯ ಪ್ರಕಾರ ಗಡುವು ಮೀರಿದರೆ ಅರ್ಜಿದಾರ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಗಡಿಯಾರ ಓಡಲು ಶುರುವಾಗುವುದು ಅರ್ಜಿ ಕೊಟ್ಟ ದಿನದಿಂದ, ಅರ್ಜಿ ಕೊಟ್ಟದ್ದಕ್ಕೆ ಸಾಕ್ಷಿ ಕಂಪ್ಯೂಟರ್ ಕೊಡುವ ಸಂಖ್ಯೆ. ಸರ್ವರ್ ಡೌನ್ ಆದ ದಿನ ಆ ಸಂಖ್ಯೆಯೇ ಹುಟ್ಟುವುದಿಲ್ಲ. ಕಾನೂನಿನ ಕಣ್ಣಿಗೆ ಆಕೆ ಆ ದಿನ ಬಂದೇ ಇಲ್ಲ. ನನ್ನನ್ನು ಕಾಡುವುದು ತಡಕ್ಕಿಂತ ಹೆಚ್ಚಾಗಿ ಇದೇ. ಬಂದದ್ದಕ್ಕೂ, ನಿಂತದ್ದಕ್ಕೂ, ಬರಿಗೈಲಿ ಹೋದದ್ದಕ್ಕೂ ಯಾವ ದಾಖಲೆಯೂ ಇಲ್ಲ. ಪೋಸ್ಟ್‌ಮಾರ್ಟಂ ಬರೆಯಬೇಕಾದರೂ ಮೊದಲು ಆಕೆ ಬಂದಿದ್ದಳು ಎಂದು ಎಲ್ಲಾದರೂ ಬರೆದಿರಬೇಕಲ್ಲ.

ಶಹಾಪುರದ ಹತ್ತಿರದ ಒಂದು ರೇಷನ್ ಅಂಗಡಿಯವರು ಹೀಗೆ ಬರೆದಿಡುತ್ತಾರೆ. ಯಂತ್ರ ಕೈಕೊಟ್ಟ ದಿನ ಬಂದವರ ಹೆಸರನ್ನು ಶಾಲೆಯ ನೂರು ಪುಟದ ನೋಟ್‌ಬುಕ್ಕಿನಲ್ಲಿ ಸಾಲಾಗಿ ಗೀಚಿ, ಮರುದಿನ ಮೊದಲು ಅವರನ್ನೇ ಕರೆಯುತ್ತಾರೆ. ಹೆಸರಿನ ಮುಂದೆ ಕಾರಣಕ್ಕೊಂದು ಕಾಲಂ ಹಾಕಿದ್ದಾರೆ: ‘ಕರೆಂಟ್’, ‘ಬೆರಳು’, ‘ನೆಟ್’. ಗೊತ್ತಾಗದಿದ್ದ ದಿನ ಆ ಜಾಗ ಖಾಲಿ.