ಎರೆಯಾಗುವ ಜೀವವೂ ವ್ರತದ ಮೇರೆಯೂ

ಅಹಿಂಸಾಣುವ್ರತಕ್ಕೆ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಐದು ಅತಿಚಾರಗಳನ್ನು ಎಣಿಸಿದ್ದಾರೆ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬಿವೇ ಆ ಐದು. ಕಟ್ಟುವುದು, ಹೊಡೆಯುವುದು, ಅಂಗವನ್ನು ಛೇದಿಸುವುದು, ಮಿತಿಮೀರಿದ ಹೊರೆ ಹೇರುವುದು, ಅನ್ನನೀರನ್ನು ತಡೆಯುವುದು ಎಂದು ಇವುಗಳ ಅರ್ಥ. ಎತ್ತು ಕುದುರೆಗಳ ಕಾಲಕ್ಕೆ ಹೇಳಿದ ಮಾತಿದು, ಇಂದಿಗೆ ಹಳತಾಯಿತು ಎಂದು ಭಾವಿಸುವವರೂ ಉಂಟು. ಅಂಥವರು ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ವಿನೋದಕ್ಕಾಗಿ ನಡೆಯುವ ಒಂದು ಬಗೆಯ ಮೀನುಬೇಟೆಯನ್ನು ಪರಿಶೀಲಿಸುವುದು ಒಳ್ಳೆಯದು.

ಅಲಾಸ್ಕದಿಂದ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯದವರೆಗೆ, ಸಮುದ್ರತಳದ ಬಂಡೆಗಳ ನಡುವೆ ಲಿಂಗ್‌ಕಾಡ್ ಎಂಬ ಮೀನು ವಾಸಿಸುತ್ತದೆ. ಅದು ಒಂದೂವರೆ ಮೀಟರಿನವರೆಗೂ ಬೆಳೆಯಬಲ್ಲದು. ಬಾಯಿ ವಿಶಾಲ, ಹಲ್ಲುಗಳು ತೀಕ್ಷ್ಣ. ಹೊಂಚುಹಾಕಿ ಬೇಟೆಯಾಡುವುದು ಅದರ ಸ್ವಭಾವ. ಅದನ್ನು ಹಿಡಿಯಲು ಸಾರ್ಡೀನ್, ಆಂಚೊವಿ, ಹೆರ್ರಿಂಗ್ ಮುಂತಾದ ಸಣ್ಣ ಮೀನುಗಳನ್ನು ಜೀವಂತವಾಗಿಯೇ ಎರೆಯಾಗಿ ಬಳಸುವ ಪದ್ಧತಿಯಿದೆ. ಅವುಗಳನ್ನು ಮೊದಲು ದೋಣಿಯ ತೊಟ್ಟಿಯಲ್ಲಿ ಕೂಡಿಡುತ್ತಾರೆ. ಬಳಿಕ ಒಂದು ಕೊಕ್ಕೆಯನ್ನು ತುಟಿಗಳ ಅಥವಾ ಮೂಗಿನ ಹೊಳ್ಳೆಗಳ ಮೂಲಕ ತೂರಿಸುತ್ತಾರೆ. ಹಲವೊಮ್ಮೆ ಎರಡನೆಯದನ್ನು ಬಾಲದ ಬಳಿ ಚುಚ್ಚುತ್ತಾರೆ. ಸೀಸದ ಗುಂಡಿನ ಭಾರದಿಂದ ಅದನ್ನು ತಳಕ್ಕೆ ಇಳಿಸುತ್ತಾರೆ. ಮೀನು ಬೇಗ ಸಾಯಬಾರದು, ಒದ್ದಾಡುತ್ತಿರಬೇಕು. ಆ ಒದ್ದಾಟವೇ ದೊಡ್ಡ ಮೀನನ್ನು ಸೆಳೆಯುವುದು.

ತೊಟ್ಟಿಯಲ್ಲಿ ಬಂಧವಿದೆ; ಕೊಕ್ಕೆಯಲ್ಲಿ ಛೇದವಿದೆ; ಸೀಸದಲ್ಲಿ ಅತಿಭಾರವಿದೆ; ಕೊಕ್ಕೆಗೆ ಸಿಕ್ಕ ಬಾಯಿಗೆ ಆಹಾರದ ನಿರೋಧವಿದೆ. ಅತಿಚಾರವೆಂದರೆ ವ್ರತ ಉಳಿದಿರುವಾಗ ತಗಲುವ ಕಲೆ. ಇಲ್ಲಿ ಕೊನೆಗೆ ಪಂಚೇಂದ್ರಿಯ ಜೀವಗಳೆರಡರ ಘಾತವೇ ಉದ್ದೇಶವಾದುದರಿಂದ ಇದು ಅತಿಚಾರವನ್ನೂ ಮೀರಿ ಅನಾಚಾರವಾಗುತ್ತದೆ, ಸಂಕಲ್ಪೀ ಹಿಂಸೆಯಾಗುತ್ತದೆ.

ಇದಕ್ಕೆ ಒಂದು ಆಕ್ಷೇಪವುಂಟು. ದೊಡ್ಡ ಮೀನು ಸಣ್ಣ ಮೀನನ್ನು ತಿನ್ನುವುದು ಲೋಕಸಿದ್ಧ. ಮತ್ಸ್ಯನ್ಯಾಯವೆಂಬ ಮಾತೇ ಅಲ್ಲಿಂದ ಹುಟ್ಟಿತು. ಮನುಷ್ಯ ಹೊಸದಾಗಿ ಏನು ಮಾಡಿದ? ಲಿಂಗ್‌ಕಾಡ್‌ಗೆ ಹಸಿವುಂಟು, ವ್ರತವನ್ನು ಸ್ವೀಕರಿಸುವ ವಿವೇಕದ ಅವಕಾಶ ಅದಕ್ಕಿಲ್ಲ. ಗಾಳಕ್ಕೆ ಸಿಕ್ಕ ಮೀನನ್ನು ಕಚ್ಚಿ, ತನಗೆ ಕೊಕ್ಕೆ ತಗಲದಿದ್ದರೂ, ಹಿಡಿದುದನ್ನು ಬಿಡಲಾರದೆ ನೀರಿನ ಮೇಲ್ಭಾಗದವರೆಗೂ ಅದು ಬಂದುಬಿಡುವುದುಂಟು. ಮನುಷ್ಯನಿಗಾದರೋ ಬಿಡುವ ಶಕ್ತಿಯಿದೆ. ಒಂದು ಜೀವದ ಯಾತನೆಯನ್ನು ಉಪಕರಣವಾಗಿಯೂ ಇನ್ನೊಂದರ ಹಸಿವನ್ನು ಬಲೆಯಾಗಿಯೂ ಮಾಡಿಕೊಳ್ಳುವ ಯೋಜನೆ ಪ್ರಕೃತಿಯದಲ್ಲ, ಅವನದೇ.

ಜೀವಂತ ಎರೆಯ ಬದಲು ರಬ್ಬರಿನ ಕೃತಕ ಮೀನನ್ನು ಬಳಸಿದರೆ ದೋಷ ಕಳೆಯುವುದೆ? ಸಣ್ಣ ಮೀನಿನ ಪ್ರಾಣ ಉಳಿಯುವುದು ದಿಟ. ಅಷ್ಟರಮಟ್ಟಿಗೆ ದ್ರವ್ಯಹಿಂಸೆ ಕಡಿಮೆಯಾಯಿತು, ಅದು ಅಲ್ಪ ಲಾಭವಲ್ಲ. ಆದರೆ ಕೊಲ್ಲುವ ಭಾವ ಹಾಗೆಯೇ ಉಳಿಯಿತು. ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟವರೂ ಭವಭವಗಳಲ್ಲಿ ತೊಳಲಿದರು. ಹಿಟ್ಟಿನ ಕೋಳಿಗೆ ಪ್ರಾಣವಿರಲಿಲ್ಲ, ಸಂಕಲ್ಪಕ್ಕೆ ಇತ್ತು.

ರಾಜ್ಯದ ಕಾನೂನು ಇಷ್ಟು ದೂರ ಬರಲಾರದು. ಅಮೆರಿಕದ ಪಶ್ಚಿಮ ತೀರದ ಲಿಂಗ್‌ಕಾಡ್ ಅತಿಯಾಗಿ ಹಿಡಿಯಲ್ಪಟ್ಟಿದೆಯೆಂದು 1999ರಲ್ಲಿ ಸರ್ಕಾರ ಘೋಷಿಸಿತು. ನಿರ್ಬಂಧಗಳ ಫಲವಾಗಿ 2005ರಲ್ಲಿ ಅದರ ಸಂಖ್ಯೆ ಚೇತರಿಸಿಕೊಂಡಿತೆಂದು ಸಾರಿತು. ಕ್ರಮ ಶ್ಲಾಘ್ಯವೇ. ಆದರೆ ಕಾನೂನು ಎಣಿಸುವುದು ಜಾತಿಯ ಸಂಖ್ಯೆಯನ್ನು. ವ್ರತ ಎಣಿಸುವುದು ಒಂದೊಂದು ಜೀವವನ್ನು.

ಆ ಎಣಿಕೆ ಒಂದರಿಂದಲೇ ಆರಂಭವಾಗಬಹುದು. ಸೋಮದೇವಸೂರಿಯ ಯಶಸ್ತಿಲಕದಲ್ಲಿ (959) ಬರುವ ಮೃಗಸೇನನೆಂಬ ಬೆಸ್ತ, ಮೊದಲು ಬಲೆಗೆ ಬಿದ್ದ ಮೀನನ್ನು ಕೊಲ್ಲೆನೆಂಬ ಕಿರುವ್ರತವನ್ನು ಮುನಿಯಿಂದ ಪಡೆದನು. ಅದೇ ಮೀನು ಐದು ಬಾರಿ ಬಂದಿತು. ಐದು ಬಾರಿಯೂ ಅವನು ಬಿಟ್ಟನು. ಬರಿಗೈಯಲ್ಲಿ ಮನೆಗೆ ಹಿಂದಿರುಗುವುದು ಅವನಿಗೆ ಸುಲಭವಾಗಿರಲಿಲ್ಲ. ಬೇಟೆಯೇ ಜೀವನೋಪಾಯವಾದವನಿಗೆ ಸಾಧ್ಯವಾದ ತ್ಯಾಗ, ವಿನೋದಕ್ಕಾಗಿ ಗಾಳ ಹಿಡಿದವನಿಗೆ ಅಸಾಧ್ಯವಾಗಲಾರದು.

ಉಪವಾಸವನ್ನು ಆಚರಿಸುವ ಶ್ರಾವಕರು ಐದನೆಯ ಅತಿಚಾರವನ್ನು ವಿಶೇಷವಾಗಿ ಮನನ ಮಾಡಬೇಕು. ತಾನೇ ಬಯಸಿ ಅನ್ನನೀರನ್ನು ತೊರೆದರೆ ಅದು ತಪಸ್ಸು. ಇನ್ನೊಂದು ಜೀವಕ್ಕೆ ಬಲಾತ್ಕಾರದಿಂದ ತಡೆದರೆ ಅದೇ ಹಿಂಸೆ. ಹೊರಗಿನಿಂದ ನೋಡಿದರೆ ಎರಡೂ ಬರಿಯ ಹೊಟ್ಟೆಯೇ. ತನ್ನ ಉಪವಾಸದ ದಿನ ಮನೆಯ ಆಳಿನ ಊಟ ತಡವಾಯಿತೆ, ಕೊಟ್ಟಿಗೆಯ ಹಸುವಿಗೆ ನೀರು ತಪ್ಪಿತೆ ಎಂದು ವಿಚಾರಿಸದವನ ಪಾರಣೆ ಅಪೂರ್ಣ. ಹಸಿವೆಂದರೇನೆಂದು ಸ್ವತಃ ಅರಿತವನು ಇನ್ನೊಬ್ಬರ ಹಸಿವನ್ನು ಎರೆಯಾಗಿಸಲಾರ. ಉಪವಾಸ ಕಲಿಸಬೇಕಾದ ಪಾಠವೂ ಅದೇ.