ಕಾಣದ ನೋವು, ಕಾಯದ ಕಾಳಜಿ

ಗಾಯವಿಲ್ಲದ ನೋವನ್ನು ಲೋಕವು ಬೇಗನೆ ನಂಬದು. ಮಧುಮೇಹದಿಂದ ನರಗಳು ಕೆಟ್ಟವನ ಅಂಗಾಲು ಇರುಳೆಲ್ಲ ಉರಿಯುತ್ತದೆ. ಹೊದಿಕೆಯ ಸೋಂಕೂ ಸೈರಿಸದು. ನೋಡುವವರಿಗೆ ಪಾದದಲ್ಲಿ ಏನೂ ಕಾಣಿಸದು. ಮನೆಯವರು ಸಹನೆಯನ್ನು ಬೋಧಿಸುವರು. ರೋಗಿಯೂ ಗುಳಿಗೆ ನುಂಗುವುದು ನಿಷ್ಠೆಯ ಕೊರತೆಯೆಂದು ಬಗೆಯುವನು. ಇದು ಸಹನೆಯಲ್ಲ, ಕಾಯದ ಅನಾದರ. ಕೆಟ್ಟ ನರವು ಕಾರಣವಿಲ್ಲದೆಯೇ ಮಿದುಳಿಗೆ ಸುದ್ದಿ ಕಳುಹಿಸುತ್ತದೆ. ಸುದ್ದಿ ಸುಳ್ಳಾದರೂ ನೋವು ಸುಳ್ಳಲ್ಲ. ನೋವನ್ನು ಅಭ್ಯಸಿಸುವ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ತನ್ನ ವ್ಯಾಖ್ಯೆಯನ್ನು ತಿದ್ದಿದಾಗ, ನೊಂದವನ ಮಾತನ್ನು ಗೌರವಿಸಬೇಕೆಂದೂ ಹೇಳಿತು.

ಸಾಮಾನ್ಯವಾದ ನೋವಿನ ಗುಳಿಗೆಗಳು ಇಲ್ಲಿ ಅಷ್ಟಾಗಿ ನಾಟವು. ಅಪಸ್ಮಾರಕ್ಕೆಂದು ಬಂದ ಗ್ಯಾಬಪೆಂಟಿನ್, ಖಿನ್ನತೆಗೆಂದು ಬಂದ ಅಮಿಟ್ರಿಪ್ಟಿಲಿನ್ ಮೊದಲಾದವನ್ನು ವೈದ್ಯರು ಕೊಡುವರು. ಹೆಸರು ಕೇಳಿ ಬೆದರಬೇಕಾಗಿಲ್ಲ. ಪ್ರಮಾಣವು ಮೆಲ್ಲಮೆಲ್ಲನೆ ಏರಬೇಕು, ತೂಕಡಿಕೆ ಬಂದೀತು, ತಾನಾಗಿ ಥಟ್ಟನೆ ನಿಲ್ಲಿಸಕೂಡದು. ನೋವು ಪೂರ್ತಿ ಅಳಿಯುವುದು ಅಪರೂಪ; ಅರ್ಧಕ್ಕಿಳಿದರೂ ನಿದ್ರೆ ಹತ್ತೀತು, ಕಾಲು ಎದ್ದು ನಡೆದೀತು.

ಆ ನಡಿಗೆಗಾಗಿಯೇ ಔಷಧ. ಗುಳಿಗೆ ನುಂಗಿ ಮಂಚ ಬಿಡದವನಿಗೆ ಅದರ ಫಲ ಅರೆಯಾಗಿಯೇ ಉಳಿಯುವುದು. ಕಾಯಕವನ್ನು ಬಲ್ಲ ಗೃಹಸ್ಥನಿಗೆ ಇದನ್ನು ವಿವರಿಸಬೇಕೆ? ಮೊದಲ ದಿನ ಹತ್ತು ನಿಮಿಷ ಸಾಕು. ದಿನವೂ ನಡೆದರೆ ರಕ್ತದ ಸಕ್ಕರೆ ತಗ್ಗಲು ನೆರವಾಗುವುದು, ಮಾಂಸಖಂಡ ಸೊರಗದು. ಕಾಲು ಮರಗಟ್ಟಿದವನು ಮಾತ್ರ ಬರಿಗಾಲಲ್ಲಿ ನಡೆಯಬಾರದು. ಚುಚ್ಚಿದ ಮುಳ್ಳೂ ಅವನಿಗೆ ತಿಳಿಯದು. ದಿನವೂ ಅಂಗಾಲನ್ನು ಪರೀಕ್ಷಿಸಿಕೊಳ್ಳಬೇಕು. ಬಾಗಲಾಗದಿದ್ದರೆ, ಸಹನೆಯನ್ನು ಬೋಧಿಸಿದ ಮನೆಯವರೇ ದೀಪ ಹಿಡಿದು ನೋಡಲಿ.