ಪ್ರಕೃತಿಯ ಸಾಕ್ಷ್ಯ

ಮೂಡಿಗೆರೆಯ ಸಮೀಪದ ಒಂದು ಕಾಫಿತೋಟದ ಮನೆಯಲ್ಲಿ ಕಳೆದ ಮಳೆಗಾಲದಲ್ಲಿ ನಡೆದ ಸಣ್ಣ ಸಂಗತಿಯೊಂದು ಈ ಲೇಖನಕ್ಕೆ ಕಾರಣವಾಯಿತು. ಆ ಮನೆಯ ನಡುಮನೆಯಲ್ಲಿ ಗಾಜಿನ ತೊಟ್ಟಿಯೊಂದಿದೆ. ಅದರಲ್ಲಿ ಮೆಕ್ಸಿಕೋ ದೇಶದ ಮೂಲದ ಕತ್ತಿಬಾಲದ ಮೀನುಗಳನ್ನು ಸಾಕಿದ್ದಾರೆ. ಗಂಡುಮೀನಿಗೆ ಬಾಲದ ಕೆಳಭಾಗವು ಕತ್ತಿಯಂತೆ ನೀಳವಾಗಿ ಚಾಚಿರುವುದು. ಎಲ್ಲರೂ ಹೆಣ್ಣೆಂದು ತಿಳಿದಿದ್ದ ಒಂದು ಮೀನಿಗೆ ಈ ಕತ್ತಿ ಮೂಡಿದುದನ್ನು ಕಂಡು ಮನೆಯ ಹುಡುಗಿ, “ಅಜ್ಜ, ಹೆಣ್ಣು ಗಂಡಾಗುವುದುಂಟೆ?” ಎಂದು ಕೇಳಿದಳು. ನನ್ನ ದೊಡ್ಡಪ್ಪನವರು, “ಇಲ್ಲ ಮಗು, ಪ್ರಕೃತಿಯಲ್ಲಿ ಅಂಥದು ಎಲ್ಲಿಯೂ ಇಲ್ಲ” ಎಂದರು.

ಆ ಒಂದು ಮೀನಿನ ಮಟ್ಟಿಗೆ ಅವರ ಮಾತು ಬಹುಶಃ ನಿಜ. ಕತ್ತಿಬಾಲದ ಹೆಣ್ಣುಮೀನು ಪೂರ್ಣವಾಗಿ ಗಂಡಾಗುವುದೆಂದು ಎಸೆನ್‌ಬರ್ಗ್ ಎಂಬ ವಿಜ್ಞಾನಿ 1926ರಲ್ಲಿ ಬರೆದನು. ಅನಂತರದ ಪರೀಕ್ಷಕರು ಅದನ್ನು ಸಂಶಯಿಸಿದರು. ಈ ಜಾತಿಯ ಕೆಲವು ಗಂಡುಗಳು ತಡವಾಗಿ ಬಲಿಯುವುವು. ಅಲ್ಲಿಯವರೆಗೆ ನೋಡುವವರ ಕಣ್ಣಿಗೆ ಹೆಣ್ಣಿನಂತೆಯೇ ಇರುವುವು. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಬಳಿ ಯಾತ್ರಿಕರು ಮಂಡಕ್ಕಿ ಎರಚುವ ಮೀನುಗಳೂ ಹುಟ್ಟಿದ ಲಿಂಗದಲ್ಲಿಯೇ ಬಾಳಿ ಮುಗಿಯತಕ್ಕವು.

ಆದರೆ “ಎಲ್ಲಿಯೂ ಇಲ್ಲ” ಎಂಬುದು ನಿಜವಲ್ಲ. ಮೂವತ್ತು ಸಾವಿರಕ್ಕೂ ಮೀರಿದ ಮೀನಿನ ಜಾತಿಗಳಲ್ಲಿ 400ಕ್ಕೂ ಹೆಚ್ಚು ಜಾತಿಗಳು ತಮ್ಮ ಬಾಳಿನಲ್ಲಿ ಲಿಂಗವನ್ನು ಬದಲಿಸುವುದು ತಿಳಿದುಬಂದಿದೆ. ಉಪ್ಪುನೀರಿನ ತೊಟ್ಟಿಗಳಲ್ಲಿ ಸಾಕುವ ಕಿತ್ತಳೆಬಣ್ಣದ ಕ್ಲೌನ್ ಮೀನು ಮೊದಲು ಗಂಡಾಗಿಯೇ ಬಲಿಯುವುದು. ಗುಂಪಿನ ಅತಿ ದೊಡ್ಡ ಮೀನು ಮಾತ್ರ ಹೆಣ್ಣು. ಅದು ಸತ್ತರೆ ಅದರ ಜೊತೆಗಾರನೇ ಹೆಣ್ಣಾಗಿ ಮೊಟ್ಟೆಯಿಡುವುದು. ಇತರ ಮೀನುಗಳ ಮೈಯಿಂದ ಹುಳಗಳನ್ನು ಹೆಕ್ಕಿ ತಿನ್ನುವ ಪುಟ್ಟ ರಾಸ್ ಮೀನಿನಲ್ಲಿ ಕ್ರಮವು ತಿರುಗುಮುರುಗು: ಗಂಡು ಇಲ್ಲವಾದ ಕೆಲವು ಗಂಟೆಗಳಲ್ಲಿಯೇ ಹಿರಿಯ ಹೆಣ್ಣು ಗಂಡಿನ ನಡೆಯನ್ನು ಹಿಡಿದು, ಎರಡು ವಾರಗಳ ಆಸುಪಾಸಿನಲ್ಲಿ ನಿಜವಾದ ಗಂಡಾಗುವುದು. ರಾಬರ್ಟ್‌ಸನ್ ಎಂಬ ವಿಜ್ಞಾನಿ ಇದನ್ನು ಆಸ್ಟ್ರೇಲಿಯದ ಹವಳದ ದಿಬ್ಬಗಳಲ್ಲಿ ಕಂಡು 1972ರಲ್ಲಿ ಪ್ರಕಟಿಸಿದನು. ಅಷ್ಟು ದೂರವೇಕೆ? ಘಟ್ಟದ ಕೆಳಗೆ ಮಂಗಳೂರಿನ ಮೀನುಪೇಟೆಗೆ ಬರುವ ಮುರು ಮೀನಿನ ವಂಶದಲ್ಲಿಯೂ ಹೆಣ್ಣಾಗಿ ಬಲಿತು ಮುಂದೆ ಗಂಡಾಗುವ ಜಾತಿಗಳೇ ಹೆಚ್ಚು.

ಇಷ್ಟಾದರೆ ವಾಚಕರು, “ಮೀನು ಬದಲಾದರೆ ನಮಗೇನು?” ಎಂದು ಕೇಳಬಹುದು. ಪ್ರಶ್ನೆಯು ನ್ಯಾಯವಾದುದೇ. ನಾನು ಈ ವಿಚಾರವನ್ನು ಎತ್ತಿದುದಕ್ಕೆ ಬೇರೊಂದು ಕಾರಣವುಂಟು.

ಕೆಲವು ವರ್ಷಗಳ ಹಿಂದೆ ನಮ್ಮ ಪರಿಚಯದ ಒಂದು ಮನೆಯ ಮಗನು, “ನಾನು ಗಂಡಲ್ಲ, ಹೆಣ್ಣು” ಎಂದು ತಂದೆತಾಯಿಗಳ ಮುಂದೆ ಹೇಳಿದನು. ಆಕೆಯೆಂದೇ ಈಗ ಬರೆಯುತ್ತೇನೆ. ಹಿರಿಯರು ಸೇರಿ ಮಾತನಾಡಿದರು. ನಾನೂ ಆ ಜಗಲಿಯಲ್ಲಿ ಕುಳಿತಿದ್ದೆ. ಅಂದು ಕೇಳಿಬಂದ ವಾದವು ಒಂದೇ: ಇದು ಪ್ರಕೃತಿಗೆ ವಿರುದ್ಧ. ಮರುದಿನ ಆಕೆ ಬೆಳಗಿನ ಬಸ್ಸು ಹತ್ತಿ ಊರು ಬಿಟ್ಟಳು. ನಾನು ಏನೊಂದೂ ಆಡಲಿಲ್ಲ.

ಆ ವಾದವು ಸಂಗತಿಯ ದೃಷ್ಟಿಯಿಂದ ಸುಳ್ಳೆಂಬುದನ್ನು ಮೀನುಗಳು ತೋರಿಸಿಕೊಡುವುವು. ಆದರೆ ಮೀನನ್ನೇ ಆಕೆಯ ಪರವಾದ ಸಾಕ್ಷಿಯಾಗಿ ಕರೆತಂದರೆ ಮತ್ತೊಂದು ತಪ್ಪಾಗುವುದು. ಅದೇ ತೊಟ್ಟಿಯ ಕತ್ತಿಬಾಲದ ಮೀನು ತಾನು ಹೆತ್ತ ಮರಿಗಳನ್ನೇ ನುಂಗುವುದುಂಟು. ಅದನ್ನು ಯಾರೂ ಧರ್ಮವೆನ್ನರು. ಕಾಡಿನ ಮೆಣಸಿನ ಬಳ್ಳಿಯಲ್ಲಿ ಗಂಡು ಬೇರೆ ಹೆಣ್ಣು ಬೇರೆ ಇರುವುದು ಸಾಮಾನ್ಯ. ನಮ್ಮ ತೋಟದ ಬಳ್ಳಿಗಳಲ್ಲಿ ಎರಡೂ ಒಂದೇ ಹೂವಿನಲ್ಲಿ ಕೂಡಿರುವುದೇ ಹೆಚ್ಚು. ಅಧರ್ಮವೆಂದು ಬಳ್ಳಿಯನ್ನು ಕಿತ್ತ ಬೆಳೆಗಾರನಿಲ್ಲ, ಧರ್ಮವೆಂದು ಪೂಜಿಸಿದವನೂ ಇಲ್ಲ. ಪ್ರಕೃತಿಯು ಏನುಂಟೆಂಬುದನ್ನು ತೋರಿಸಬಲ್ಲುದು. ನಾವು ಏನು ಮಾಡಬೇಕೆಂಬುದನ್ನು ಹೇಳಲಾರದು. ನಮಗೆ ಬೇಡವಾದುದನ್ನು ನಾವು ಮೊದಲು ನಿಶ್ಚಯಿಸಿ, ಆಮೇಲೆ ಅದರ ಬಾಯಿಂದ ತೀರ್ಪನ್ನು ಹೇಳಿಸುತ್ತೇವೆ.

ಮೇಲಾಗಿ ಮೀನಿನ ಬದಲಾವಣೆಯೇ ಬೇರೆ, ಮನುಷ್ಯನದೇ ಬೇರೆ. ಮೀನು ಗುಂಪಿನಲ್ಲಿ ತನ್ನ ಸ್ಥಾನವು ಬದಲಾದುದರಿಂದ ತಾನೂ ಬದಲಾಗುವುದು. ಮನುಷ್ಯನಾದರೋ ತನ್ನ ಅಂತರಂಗವನ್ನು ಬಾಯಿಬಿಟ್ಟು ಹೇಳಬಲ್ಲನು. ಆದಕಾರಣ ಮೀನನ್ನು ಅರಿಯಲು ನೋಡಬೇಕು; ಮನುಷ್ಯನನ್ನು ಅರಿಯಲು ಕೇಳಬೇಕು. 2014ರ ಏಪ್ರಿಲ್ 15ರಂದು ನಮ್ಮ ಸರ್ವೋಚ್ಚ ನ್ಯಾಯಾಲಯವು, ತಾನು ಯಾರೆಂಬುದನ್ನು ಹೇಳುವ ಹಕ್ಕು ಆಯಾ ವ್ಯಕ್ತಿಯದೇ ಎಂದು ತೀರ್ಪು ಕೊಟ್ಟಿತು. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರನ್ನು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷಸ್ಥಾನದಲ್ಲಿ ಕಂಡು, 2021ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಾಡೇ ಹಿಗ್ಗಿತು. ಆ ಜಗಲಿಯ ಹಿರಿಯರೂ ಹಿಗ್ಗಿದರು. ದೂರದವರನ್ನು ಗೌರವಿಸುವುದು ಸುಲಭ. ಮನೆಯ ಮಗುವಿನ ಮಾತನ್ನು ಕೇಳಿಸಿಕೊಳ್ಳುವುದು ಕಷ್ಟ. ಧರ್ಮದ ಪರೀಕ್ಷೆಯಿರುವುದು ಅಲ್ಲಿಯೇ.

ಈ ಸಂಗತಿಗಳನ್ನು ದೊಡ್ಡಪ್ಪನವರಿಗೆ ತಿಳಿಸಿದೆ. ಅವರು ಬಹಳ ಹೊತ್ತು ತೊಟ್ಟಿಯನ್ನೇ ನೋಡುತ್ತಿದ್ದು, ಮೊಮ್ಮಗಳನ್ನು ಕರೆದು, “ನಾನು ಹೇಳಿದ್ದು ತಪ್ಪು, ಮಗು, ಗೊತ್ತಿಲ್ಲ ಎನ್ನಬೇಕಿತ್ತು” ಎಂದರು. ಎಂಬತ್ತು ದಾಟಿದವರು ಹತ್ತು ವರ್ಷದ ಹುಡುಗಿಯ ಮುಂದೆ ಇಷ್ಟನ್ನು ಒಪ್ಪಿಕೊಂಡರು. ನಾನು ಒಪ್ಪಿಕೊಳ್ಳಬೇಕಾದುದು ಇದಕ್ಕಿಂತ ಹೆಚ್ಚಿನದು. ಊರು ಬಿಟ್ಟವಳ ವಿಳಾಸವನ್ನು ಈಗ ವಿಚಾರಿಸುತ್ತಿದ್ದೇನೆ.